ಬೆನ್ನ ಮೇಲಿನ ಕೈ

ಸೇಂಟ್ ಲೂಯಿಸ್
ಮಾರ್ಚ್ 9

ವರ್ನೀಟಾ,

ಫೋನಿನಲ್ಲಿ ಮಾತಾಡಿದಾಗಲೆಲ್ಲ ನಾವು ಜಗಳದಲ್ಲೇ ಮುಗಿಸುತ್ತಿದ್ದೇವೆ. ಕಾಗದದಲ್ಲಾದರೆ ನೀನು ನನ್ನ ಮಾತನ್ನು ನಡುವೆ ಕತ್ತರಿಸಲಾರೆ, ನಾನು ಫೋನು ಕುಕ್ಕಲಾರೆ. ಅದಕ್ಕೇ ಇದು. ನನ್ನ ಅಕ್ಷರ ಕೆಟ್ಟದೆಂದು ಗೊಣಗಬೇಡ. ಹದಿನಾಲ್ಕು ವರ್ಷ ಸ್ಟುಡಿಯೋದ ಕ್ಯಾಲೆಂಡರಿನ ಮೇಲೆ ಇದನ್ನೇ ಓದಿಕೊಂಡು ಒಂದು ಮದುವೆಗೂ ತಡವಾಗದೆ ಬಂದವಳು ನೀನು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಪಿಸ್ತೂಲು ಕೊಂಡೆ.

ನನ್ನ ತಮ್ಮ ಕಾರ್ಲ್ ಜೊತೆಗೆ ಬಂದಿದ್ದ. ನಮ್ಮ ರಾಜ್ಯದಲ್ಲಿ ಇದಕ್ಕೆ ತರಬೇತಿ ಬೇಕೆಂಬ ಕಾನೂನಿಲ್ಲ, ಆದರೂ ತರಬೇತಿಗೆ ಹೋದೆ. ಟೈರ್ ಅಂಗಡಿಯ ಹಿಂದಿನ ಒಂದು ಶೆಡ್ಡಿನಲ್ಲಿ. ನನ್ನ ಪಕ್ಕದಲ್ಲಿ ಖಾಲಿ ಮನೆಗಳನ್ನು ಗಿರಾಕಿಗಳಿಗೆ ತೋರಿಸುವ ಹೆಂಗಸು, ಅವಳ ಪಕ್ಕದಲ್ಲಿ ನಮ್ಮ ಕಸುಬಿನವಳೇ ಒಬ್ಬಳು, ಹಸುಗೂಸುಗಳ ಫೋಟೊ ತೆಗೆಯುವವಳು. ಹಸುಗೂಸಿಗೆ ಹೆದರಿ ಪಿಸ್ತೂಲೇ ಎಂದು ಕೇಳಿದೆ. "ಕೂಸಿಗಲ್ಲ, ಅವುಗಳ ಅಪ್ಪಂದಿರಿಗೆ" ಅಂದಳು.

ಕಲಿಸಿದವನು ಬರ್ನೆಟ್ ಅಂತ, ಸೈನ್ಯದಲ್ಲಿ ಇದ್ದವನು. ಎಲ್ಲಿ ಇಟ್ಟುಕೊಳ್ಳುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳಿದ. ಹೊಟ್ಟೆಯ ಮುಂದೆ ಆಗುವುದಿಲ್ಲ, ದಿನವಿಡೀ ಕುಕ್ಕರಗಾಲಲ್ಲಿ ಕೂತು ಏಳುವವಳು ನಾನು. ಎರಡು ಪಕ್ಕದಲ್ಲಿ ಎರಡು ಕ್ಯಾಮೆರಾ ತೂಗುತ್ತವೆ. ಉಳಿದದ್ದು ಬೆನ್ನು, ಸೊಂಟದ ಮೇಲೆ, ಕಪ್ಪು ಕೋಟಿನ ಒಳಗೆ. ಅವನಿಗೆ ಹಿಡಿಸಲಿಲ್ಲ. "ಅಲ್ಲಿಟ್ರೆ ಅದು ನಿಮಗೇ ಕಾಣಲ್ಲ ಮೇಡಂ. ಯಾರದಾದ್ರೂ ಕೈ ಅದರ ಮೇಲೆ ಬಿತ್ತು ಅಂದ್ರೆ ಕಿತ್ಕೊಳ್ಳೋಕೆ ಬಂದ ಅಂತಲೇ ಲೆಕ್ಕ. ಒಳ್ಳೇ ಕೈಯೋ ಕೆಟ್ಟ ಕೈಯೋ ಅಂತ ವಿಚಾರಿಸ್ತಾ ಕೂತ್ರೆ ನಿಮ್ಮ ಪಿಸ್ತೂಲಿಂದಲೇ ನೀವು ಹೋಗ್ತೀರಿ" ಅಂದ. ಆಮೇಲೆ ಅದನ್ನೇ ಅಭ್ಯಾಸ ಮಾಡಿಸಿದ. ಹಿಂದಿನಿಂದ ಬಂದು ಮುಟ್ಟುವುದು, ನಾವು ಮೊಣಕೈ ಬೀಸಿ ತಿರುಗುವುದು. ಸಂಜೆಯ ಹೊತ್ತಿಗೆ ಚೆನ್ನಾಗಿಯೇ ತಿರುಗುತ್ತಿದ್ದೆ.

ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಆದರೆ ಸೆಪ್ಟೆಂಬರಿನ ಆ ಮಧ್ಯಾಹ್ನ ಕಳ್ಳನ ಪಿಸ್ತೂಲಿನ ಕೊಳವೆಯನ್ನು ಹಣೆಗೆ ಒತ್ತಿಸಿಕೊಂಡವಳು ನಾನು. ಆ ತಣ್ಣನೆಯ ಉಂಗುರ ಇನ್ನೂ ಅಲ್ಲೇ ಇದೆ, ಸ್ನಾನ ಮಾಡುವಾಗ ಬೆರಳು ಅಲ್ಲಿಗೆ ಹೋಗುತ್ತದೆ. ಫೋಟೊಗಳಿರುವ ಕಾರ್ಡು ಕೊಟ್ಟುಬಿಡಿ, ಕ್ಯಾಮೆರಾ ಒಯ್ಯಿರಿ ಎಂದು ಬೇಡಿಕೊಂಡೆನಲ್ಲ. ಆ ಹುಡುಗಿಯ ಇಡೀ ಮದುವೆ ಅದರಲ್ಲಿತ್ತು. ಅವನು ನಕ್ಕ.

ಮಣಿಕಟ್ಟು ಹೇಗಿದೆ? ಮುಷ್ಟಿ ಕಟ್ಟಲು ಬರುತ್ತದೆಯೇ?

ನಿನ್ನ,
ಗ್ರೆಚೆನ್


ಸಲೈನಾ, ಕಾನ್ಸಸ್
ಮಾರ್ಚ್ 27

ಪ್ರೀತಿಯ ಗ್ರೆಚೆನ್,

ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಬೈಯಬೇಕೆಂದು ಶುರು ಮಾಡುತ್ತಿದ್ದೆ, ನಡುವೆಯೇ ನನ್ನ ಮಾತಿನ ಮೇಲೆ ನನಗೇ ಅನುಮಾನ ಬಂದು ಹರಿದು ಹಾಕುತ್ತಿದ್ದೆ.

ಮುಷ್ಟಿ ಅರ್ಧಕ್ಕೆ ಬರುತ್ತದೆ. ಆ ಕಳ್ಳ ಕ್ಯಾಮೆರಾದ ಪಟ್ಟಿ ಎಳೆದಾಗ ಅದು ಬಲಗೈಗೆ ಸುತ್ತಿಕೊಂಡಿತ್ತು, ಬಿಡಿಸಿಕೊಳ್ಳುವಷ್ಟು ಸಮಯ ಅವನೂ ಕೊಡಲಿಲ್ಲ, ಪಟ್ಟಿಯೂ ಕೊಡಲಿಲ್ಲ. ಭಾರವಾದ ಲೆನ್ಸ್ ಇನ್ನು ಆಗದು ಎಂದು ಡಾಕ್ಟರು ಹೇಳಿಯಾಯಿತು. ಅಕ್ಕ ಕೋರಾಳ ಮನೆಯಲ್ಲಿ ಮಹಡಿಯ ಕೋಣೆ ನನ್ನದು. ಈ ಊರಿನಲ್ಲಿ ಗಾಳಿ ಬಿಟ್ಟರೆ ಬೇರೆ ಸುದ್ದಿಯಿಲ್ಲ. ಶಾಲೆಗಳಿಗೆ ಹೋಗಿ ಮಕ್ಕಳ ಫೋಟೊ ತೆಗೆಯುವ ಕೆಲಸ ಹಿಡಿದಿದ್ದೇನೆ. ನೀಲಿ ಪರದೆ, ಒಂದು ಸ್ಟೂಲು, ಸ್ಟ್ಯಾಂಡಿನ ಮೇಲೆ ಕದಲದೆ ನಿಂತ ಕ್ಯಾಮೆರಾ. ಎಡಗೈಯಲ್ಲಿ ಗುಂಡಿ ಒತ್ತಿದರೆ ಸಾಕು. ಮೊನ್ನೆ ಒಂದು ಶಾಲೆಯಲ್ಲಿ ಫೋಟೊ ದಿನವೇ ಅಡಗಿಕೊಳ್ಳುವ ಅಭ್ಯಾಸವೂ ಬಿತ್ತು. ಬಂದೂಕಿನವನು ಒಳಗೆ ನುಗ್ಗಿದರೆ ಏನು ಮಾಡಬೇಕೆಂದು ಮಕ್ಕಳಿಗೆ ಕಲಿಸುತ್ತಾರಲ್ಲ, ಅದು. ಚೆನ್ನಾಗಿ ಬೈತಲೆ ತೆಗೆಸಿಕೊಂಡು ಬಂದಿದ್ದ ಒಬ್ಬಳು ಪುಟ್ಟಿ ಮೇಜಿನ ಕೆಳಗಿಂದ ಎದ್ದು ಬರುವಾಗ ಕೂದಲೆಲ್ಲ ಕೆದರಿತ್ತು. ಬಾಚಿ ಕೂರಿಸಿದೆ. ನಗು ಎಂದೆ, ನಕ್ಕಳು. ಅವರಿಗೆ ಎರಡೂ ಅಭ್ಯಾಸವಾಗಿದೆ.

ನಿನ್ನ ಪಿಸ್ತೂಲಿನ ವಿಷಯ. ನನಗೆ ಬೇಕೆನಿಸಿಲ್ಲ ಎಂದರೆ ಸುಳ್ಳಾಗುತ್ತದೆ. ಮಣಿಕಟ್ಟು ಜುಮ್ಮೆಂದಾಗಲೆಲ್ಲ ಆ ಹುಡುಗನನ್ನು ಮನಸ್ಸಿನಲ್ಲೇ ಎದುರಿಗೆ ನಿಲ್ಲಿಸಿಕೊಂಡಿದ್ದೇನೆ, ಬರಿಗೈಯಲ್ಲಿ ಅಲ್ಲ. ಆದರೆ ಆ ದಿನವನ್ನು ಮತ್ತೆ ನೋಡು. ನೀನು ಕ್ಯಾಮೆರಾದಲ್ಲಿ ಕಣ್ಣಿಟ್ಟಿದ್ದೆ. ಹಿಂದೆ ನಿಂತು ಸುತ್ತ ನೋಡುತ್ತಿರುವುದು ನನ್ನ ಕೆಲಸ. ನೋಡಿದೆ ಕೂಡ. ಪೊಲೀಸರಿಗೆ ಹೇಳಿದ್ದನ್ನೇ ನಿನಗೂ ಹೇಳಿದ್ದೇನೆ, ಅವರಲ್ಲೊಬ್ಬ ಕೋರಾಳ ಮಗನ ಹಾಗೇ ನಡೆಯುತ್ತಿದ್ದ, ಮದುವೆಯ ಕಡೆಯವನಿರಬೇಕು ಅಂದುಕೊಂಡೆ. ನಮ್ಮಿಬ್ಬರ ಸೊಂಟದಲ್ಲೂ ಒಂದೊಂದು ಇದ್ದಿದ್ದರೆ ನಾನು ಅದನ್ನು ಮುಟ್ಟುವ ಹೊತ್ತಿಗೆ ಅವನು ಕೊಳವೆ ನಿನ್ನ ಹಣೆಗೆ ಇಟ್ಟಾಗಿತ್ತು.

ಇನ್ನೊಂದು ಮಾತಿದೆ, ನಮ್ಮ ನಡುವೆ ಇದುವರೆಗೆ ಆಡಿಲ್ಲ. ಅವರಿಬ್ಬರೂ ನನ್ನ ಬಣ್ಣದವರು. ನೀನು ಬಿಳಿಯಳು, ಆದರೂ ಅದನ್ನು ಒಂದು ಸಲವೂ ಬಾಯಿಗೆ ತಂದಿಲ್ಲ. ಅದು ಒಳ್ಳೆಯತನವೆಂದು ಮೊದಲು ತಿಳಿದಿದ್ದೆ. ಈಗ ಗೊತ್ತಾಗುತ್ತಿಲ್ಲ. ನೀನು ಕೋಟಿನ ಹಿಂದೆ ಕೈ ಹಾಕಿದರೆ ಪೊಲೀಸರು ಏನಾಯಿತು ಎಂದು ಕೇಳುತ್ತಾರೆ. ನಾನು ಹಾಕಿದರೆ ಕೇಳುತ್ತಾರೆಯೇ? ಕೋರಾಳ ಗಂಡ ಪರ್ಸು ತೆಗೆಯುವ ಮೊದಲು ಗಟ್ಟಿಯಾಗಿ ಹೇಳಿ ತೆಗೆಯುತ್ತಾನೆ, ಪೊಲೀಸರ ಎದುರು ಕಲಿತ ಅಭ್ಯಾಸ, ಈಗ ಮನೆಯೊಳಗೂ.

ಕೊಂಡದ್ದನ್ನು ವಾಪಸು ಕೊಡು ಎನ್ನುತ್ತಿಲ್ಲ. ನನ್ನ ಹತ್ತಿರ ನಿನಗೆ ಕೊಡಲು ಬೇರೆ ಉಪಾಯವಿಲ್ಲ.

ವರ್ನೀಟಾ


ಸೇಂಟ್ ಲೂಯಿಸ್
ಮೇ 11

ವರ್ನೀಟಾ,

ಬಣ್ಣದ ಮಾತಿಗೆ ಏನು ಉತ್ತರ ಬರೆಯಲಿ ಎಂದು ತಿಂಗಳಿಡೀ ಯೋಚಿಸಿದೆ. ಬರೆಯಲಾಗಲಿಲ್ಲ. ಅದನ್ನು ಹಾಗೇ ಇಟ್ಟಿದ್ದೇನೆ, ಎಸೆದಿಲ್ಲ.

ಒಂದು ಸುದ್ದಿ ಕೇಳು. ಕಳೆದ ಶನಿವಾರ ನದಿಯ ದಂಡೆಯಲ್ಲಿ ಮದುಮಕ್ಕಳನ್ನು ನಿಲ್ಲಿಸಿಕೊಂಡಿದ್ದೆ. ಒಂದು ಕಾರು ನಿಧಾನವಾಯಿತು, ಒಳಗೆ ನಾಲ್ವರು, ಗಾಜು ಇಳಿಯಿತು. ನಾನು ಕ್ಯಾಮೆರಾ ಬಿಟ್ಟು ಕೈಯನ್ನು ಬೆನ್ನಿಗೆ ತಂದೆ. ತೆಗೆಯಲಿಲ್ಲ, ಅಲ್ಲಿಟ್ಟೆ ಅಷ್ಟೆ. ಕಾರು ಹೊರಟುಹೋಯಿತು. ಕಾರ್ಲ್‌ಗೆ ಹೇಳಿದರೆ "ನೋಡಿದ್ಯಾ, ಕೆಲಸ ಮಾಡ್ತು" ಅಂದ. ನೀನು ಇದ್ದಿದ್ದರೆ ಏನನ್ನುತ್ತಿದ್ದೆ ಎಂದು ಗೊತ್ತು: ಪಾಪ, ಅವರು ಮದುಮಗಳ ಗೌನು ನೋಡೋಕೆ ನಿಲ್ಲಿಸಿದ್ರೇನೋ. ನನಗೂ ಹಾಗನ್ನಿಸಿತು, ಮನೆಗೆ ಬಂದ ಮೇಲೆ. ಆದರೆ ಆ ರಾತ್ರಿ ನಿದ್ದೆ ಬಂತು ಕಣೇ. ಸೆಪ್ಟೆಂಬರಿನಿಂದ ಬಾರದಿದ್ದ ನಿದ್ದೆ.

ಚರ್ಚಿನ ಬಾಗಿಲಲ್ಲಿ ಬಂದೂಕು ತರಬಾರದೆಂಬ ಬೋರ್ಡು ಇದ್ದರೆ ಕಾರಿನಲ್ಲಿ ಬೀಗ ಹಾಕಿಡುತ್ತೇನೆ. ಹೊರಗಿನ ಫೋಟೊಗಳಿಗೆ ಮತ್ತೆ ಹಾಕಿಕೊಳ್ಳುತ್ತೇನೆ. ಹಿಂದಕ್ಕೆ ನಡೆಯುವುದೊಂದೇ ಕಷ್ಟ. ಮದುಮಕ್ಕಳು ಕೈ ಹಿಡಿದು ನನ್ನ ಕಡೆ ನಡೆದು ಬರುತ್ತಾರೆ, ನಾನು ತೆಗೆಯುತ್ತಾ ಹಿಂದೆ ಹಿಂದೆ ಹೋಗಬೇಕು. ಬೆನ್ನ ಮೇಲೆ ನಿನ್ನ ಅಂಗೈ ಇದ್ದಾಗ ಕಲ್ಲಾಗಲಿ ಮೆಟ್ಟಿಲಾಗಲಿ ನನಗೆ ಲೆಕ್ಕವೇ ಇರಲಿಲ್ಲ. ಒತ್ತಿದರೆ ನಿಲ್ಲು, ಎಡಕ್ಕೆ ಸರಿಸಿದರೆ ಎಡಕ್ಕೆ. ಈಗ ಮದುಮಕ್ಕಳ ಮುಖವೇ ನನಗೆ ಕನ್ನಡಿ. ನನ್ನ ಹಿಂದೆ ನಾಯಿ ಬಂದರೆ ಮದುಮಗಳ ಕಣ್ಣಿಗೆ ನಾಯಿ ಬರುತ್ತದೆ. ಗುಂಡಿ ಇದ್ದರೆ ಮದುಮಗನ ಹುಬ್ಬು ಏಳುತ್ತದೆ. ಮೋಸ ಹೋಗುವುದು ಕಡಿಮೆ.

ಜೂನ್ ಎರಡನೆಯ ಶನಿವಾರ ಓಬರ್ಮನ್ ಮನೆಯ ಕಿರಿಯಳ ಮದುವೆ. ಹಿರಿಯಳ ಮದುವೆಗೆ ಇಬ್ಬರೂ ಬಂದಿದ್ದಿರಿ, ಈಗಲೂ ಇಬ್ಬರೂ ಬರಬೇಕು ಎಂದು ಅವರಮ್ಮನ ಹಟ. ನೀನು ಕ್ಯಾಮೆರಾ ಹಿಡಿಯುವುದು ಬೇಡ. ಬಸ್ಸು ಹತ್ತಿ ಬಾ, ನನ್ನ ಹಿಂದೆ ನಿಂತುಕೋ. ಬೆಣ್ಣೆ ಕೇಕು ನಿನಗೆ ಒಂದಿಡೀ ತೆಗೆದಿಡಿಸುತ್ತೇನೆ, ಅಕ್ಕನಿಗೆ ಹೇಳಬೇಡ.

ಗ್ರೆಚೆನ್


ಸಲೈನಾ
ಜೂನ್ 19

ಪ್ರೀತಿಯ ಗ್ರೆಚೆನ್,

ಬಸ್ಸಿನಲ್ಲಿ ಬರುತ್ತಲೇ ಇದನ್ನು ಮನಸ್ಸಿನಲ್ಲಿ ಬರೆದುಕೊಂಡೆ. ಮನೆಗೆ ಬಂದ ಮೇಲೆ ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ಸಿಟ್ಟಿನಲ್ಲಿ ಬರೆದೆನೆಂದು ನೀನು ಅಂದುಕೊಳ್ಳಬಾರದೆಂದು.

ಮದುವೆ ಚೆನ್ನಾಗಿತ್ತು. ನಿನ್ನ ಕೈ ಇನ್ನೂ ಚುರುಕಾಗಿದೆ, ಅಜ್ಜಿ ಕಣ್ಣೊರೆಸಿಕೊಳ್ಳುವ ಮೊದಲೇ ನೀನು ಅಲ್ಲಿದ್ದೆ. ಆಮೇಲೆ ಕೆರೆಯ ಕಡೆ ಇಳಿಯುವ ದಾರಿ. ಅವರು ನಡೆದು ಬಂದರು, ನೀನು ಹಿಂದಕ್ಕೆ ಹೆಜ್ಜೆಯಿಟ್ಟೆ, ನಾನು ಕೈಯಿಟ್ಟೆ. ಇಡಬೇಕೆಂದು ಇಟ್ಟದ್ದೂ ಅಲ್ಲ. ಅದು ಅಲ್ಲಿಗೇ ಹೋಗುತ್ತದೆ, ಹದಿನಾಲ್ಕು ವರ್ಷ ಹೋಗಿದೆ.

ಬಟ್ಟೆಯ ಕೆಳಗೆ ಕಬ್ಬಿಣ ಸಿಕ್ಕಿತು. ನಿನ್ನ ಬೆನ್ನಿನ ಬಿಸಿ ಅಲ್ಲ. ಅದು ಅಲ್ಲಿರುತ್ತದೆಂದು ನೀನು ಬರೆದದ್ದು ನನಗೆ ಗೊತ್ತೇ ಇತ್ತು, ಆದರೆ ಕೈಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ನಿನ್ನ ಮೊಣಕೈ ನನ್ನ ಎದೆಗೆ ಬಿತ್ತು. ನೀನು ತಿರುಗಿದೆ. ಗ್ರೆಚೆನ್, ಆ ಮುಖವನ್ನು ನಾನು ಹಿಂದೆ ಎಂದೂ ಕಂಡಿರಲಿಲ್ಲ. ನಿನ್ನ ಬಲಗೈ ಕೋಟಿನ ಒಳಗಿತ್ತು. ಆಮೇಲೆ ನೀನು ನಕ್ಕೆ. "ನೀನಾ. ಹೇಳ್ಬಾರ್ದಾ" ಅಂದೆ. ಮದುಮಗಳೂ ನಕ್ಕಳು, ನಾವಿಬ್ಬರೂ ಏನೋ ತಮಾಷೆ ಮಾಡುತ್ತಿದ್ದೇವೆಂದು.

ಹೇಳ್ಬಾರ್ದಾ ಎಂದರೆ ಏನು? ಕೈಯಿಡುವುದೇ ಹೇಳುವುದಾಗಿತ್ತಲ್ಲ. ಮಾತಾಡಿದರೆ ಮದುಮಕ್ಕಳ ಗಮನ ತಪ್ಪುತ್ತದೆ, ಫೋಟೊ ಕೆಡುತ್ತದೆ ಎಂದು ಬಾಯಿ ಬಿಡಬಾರದೆಂದು ನನಗೆ ಕಲಿಸಿದವಳೇ ನೀನು.

ಊಟಕ್ಕೆ ಕೂತಾಗ ನನಗೆ ಕೇಕು ಸೇರಲಿಲ್ಲ. ಎದೆ ನೋಯುತ್ತಿದೆ ಎಂದು ಹೇಳಲಿಲ್ಲ. ನಿನಗೆ ಬೇಸರವಾಗುತ್ತದೆಂದಲ್ಲ, ಹೇಳಿದರೆ ನೀನು ಮತ್ತೆ ನಗುತ್ತೀಯೇನೋ ಎಂಬ ಭಯ.

ಮುಂದಿನ ಮದುವೆಗೂ ಬಾ ಎಂದು ನೀನು ಕರೆದೆ. ಅದನ್ನು ತೆಗೆದಿಟ್ಟರೆ ಬರುತ್ತೇನೆ. ಅದಿದ್ದರೆ ನನಗೆ ಕೈಯಿಡಲು ಜಾಗವಿಲ್ಲ.

ವರ್ನೀಟಾ


ಸೇಂಟ್ ಲೂಯಿಸ್
ಜುಲೈ 2

ವರ್ನೀಟಾ,

ಎದೆಗೆ ಬಿದ್ದದ್ದು ನನಗೆ ಗೊತ್ತಾಗಲಿಲ್ಲ. ತಪ್ಪಾಯಿತು. ಅಷ್ಟು ಜೋರಾಗಿ ಬಿತ್ತೆಂದು ತಿಳಿದಿದ್ದರೆ ನಗುತ್ತಿರಲಿಲ್ಲ.

ಆದರೆ ಒಂದು ಮಾತು ಕೇಳುತ್ತೇನೆ. ನಿನ್ನ ಕೈ ನನ್ನ ಬೆನ್ನ ಮೇಲಿದ್ದ ದಿನವೇ ಅವರು ಬಂದದ್ದು. ಆ ಕೈಯಿಂದ ಏನಾಯಿತು? ಮುರಿಯಿತು. ಇದನ್ನು ಹೊಡೆದು ಹಾಕಬೇಕೆಂದು ಪೆನ್ನು ಎತ್ತಿದೆ, ಬಿಟ್ಟೆ. ಇರಲಿ. ನಿಜವೇ ತಾನೆ.

ನೀನು ಕಾನ್ಸಸಿನಲ್ಲಿ ನೀಲಿ ಪರದೆಯ ಮುಂದೆ ಕೂತಿದ್ದೀಯ. ಒಳಗೆ ಬರುವವರ ಚೀಲವನ್ನು ಬಾಗಿಲಲ್ಲೇ ಯಾರೋ ತಡಕಿ ನೋಡುತ್ತಾರೆ. ನಾನು ಪ್ರತಿ ಶನಿವಾರ ಬಾಗಿಲೇ ಇಲ್ಲದ ಕಡೆ ನಿಲ್ಲುತ್ತೇನೆ, ಮೈಮೇಲೆ ಯಾರು ಬೇಕಾದರೂ ಒಂದು ಗಂಟೆಯಲ್ಲಿ ಮಾರಿಬಿಡಬಹುದಾದ ಸಾಮಾನು ತೂಗಿಸಿಕೊಂಡು. ಹಾಳು ಬಿದ್ದ ಇಟ್ಟಿಗೆ ಗೋಡೆಯೇ ಬೇಕು ಈಗಿನ ಮದುಮಕ್ಕಳಿಗೆ, ಹೂದೋಟ ಬೇಡ. ಗಿರಾಕಿಗೆ ಆಗುವುದಿಲ್ಲ ಎಂದರೆ ನಾನು ಏನು ತಿನ್ನಲಿ?

ಸರಿ, ನೀನು ಬರಬೇಡ. ಹಿಂದೆ ಏನಿದೆ ಎಂದು ಮೊದಲೇ ನೋಡಿಟ್ಟುಕೊಳ್ಳುತ್ತೇನೆ.

ಗ್ರೆಚೆನ್


ಸಲೈನಾ
ಅಕ್ಟೋಬರ್ 8

ಪ್ರೀತಿಯ ಗ್ರೆಚೆನ್,

ಬೇಸಿಗೆಯೆಲ್ಲ ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಅಂಚೆಯವನು ಬಂದ ಸದ್ದಾದರೆ ಕೋರಾ ನನ್ನ ಮುಖ ನೋಡುತ್ತಾಳೆ. "ಫೋನ್ ಅನ್ನೋದು ಒಂದಿದೆ, ಮಾರಾಯ್ತಿ" ಅನ್ನುತ್ತಾಳೆ.

ಮೊನ್ನೆ ಅವರ ಚರ್ಚಿನ ವಾರ್ಷಿಕೋತ್ಸವ. ಪುಟ್ಟ ಕ್ಯಾಮೆರಾ ಕೊಟ್ಟು, ನೀನೇ ತೆಗೆ ಎಂದರು. ಮುರಿದ ಮೇಲೆ ಮೊದಲ ಸಲ ಬಲಗೈಯಲ್ಲಿ ಹಿಡಿದೆ. ಟೋಪಿ ಹಾಕಿಕೊಂಡ ಮುದುಕಿಯರು ಸಾಲಾಗಿ ನಡೆದು ಬಂದರು, ನಾನು ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಹಾಡುಗಾರರ ಕುರ್ಚಿಗಳ ಮೇಲೆ ಅಂಗಾತ ಬಿದ್ದೆ. ಹಾಡು ನಿಂತಿತು. ಪಾದ್ರಿಗಳಿಗೂ ನಗು ತಡೆಯಲಾಗಲಿಲ್ಲ. ಒಬ್ಬ ಮುದುಕಿ ನನ್ನನ್ನು ಎಬ್ಬಿಸಿ, "ನಿನ್ನ ಹಿಂದೆ ಯಾರೂ ಇಲ್ವೇನಮ್ಮಾ?" ಎಂದು ಕೇಳಿದಳು.

ಅಲ್ಲಿ ಬಿದ್ದುಕೊಂಡೇ ಯೋಚಿಸಿದೆ. ನಾನು ಹಾಕಿದ ಷರತ್ತು ಸರಿಯೇ? ಆ ಕಬ್ಬಿಣ ನಿನ್ನ ಭಯವನ್ನು ಹೋಗಲಾಡಿಸಿಲ್ಲ, ನಿನ್ನ ಬೆನ್ನಿನಲ್ಲೇ ಅದಕ್ಕೊಂದು ಮನೆ ಮಾಡಿಕೊಟ್ಟಿದೆ. ಇದನ್ನು ಈಗಲೂ ನಂಬುತ್ತೇನೆ. ಆದರೆ ಭಯಪಟ್ಟವಳಿಗೆ, ನೀನು ಭಯಪಡುವುದು ನಿಲ್ಲಿಸಿದ ಮೇಲೆ ಬರುತ್ತೇನೆ ಎಂದೆನಲ್ಲ. ಹಾಗೆ ಹೇಳುವವಳು ಎಂಥ ಗೆಳತಿ?

ಶಾಲೆಗಳ ಕೆಲಸ ಈ ತಿಂಗಳಿಗೆ ಮುಗಿಯುತ್ತದೆ. ನವೆಂಬರ್ ಮೊದಲ ವಾರ ಬರುತ್ತೇನೆ, ಚಳಿಗಾಲ ಮುಗಿಯುವವರೆಗೆ ಇರುತ್ತೇನೆ. ಷರತ್ತಿಲ್ಲ. ಅದು ಅಲ್ಲೇ ಇರಲಿ. ನಾನು ಕೈಯನ್ನು ಇನ್ನು ಮೇಲೆ ಭುಜದ ಮೇಲಿಡುತ್ತೇನೆ. ಎಡಭುಜ. ನಿನ್ನ ಮೈಗೆ ಅದು ಅಭ್ಯಾಸವಾಗುವವರೆಗೆ ಮೊದಲು ನಿನ್ನ ಹೆಸರು ಹೇಳಿ ಆಮೇಲೆ ಇಡುತ್ತೇನೆ. ಫೋಟೊ ಕೆಟ್ಟರೆ ಕೆಡಲಿ.

ನಿನ್ನ ಉತ್ತರಕ್ಕೆ ಕಾಯದೆ ಬಸ್ಸಿನ ಟಿಕೆಟ್ ತೆಗೆಸುತ್ತಿದ್ದೇನೆ.

ನಿನ್ನ,
ವರ್ನೀಟಾ


ಕಾರ್ಲ್‌ನ ಮನೆ
ನವೆಂಬರ್ 20

ವರ್ನೀಟಾ,

ನಿನ್ನ ಪತ್ರ ನನ್ನ ಬಾಗಿಲಿಗೆ ಬಂದದ್ದು ಆ ಶನಿವಾರದ ನಂತರದ ಮಂಗಳವಾರ. ಜಾಮೀನು ಸಿಕ್ಕಿ ಹೊರಗೆ ಬಂದ ಮೇಲೆ ಕಾರ್ಲ್ ತಂದುಕೊಟ್ಟ. ಎಡಭುಜ ಎಂಬಲ್ಲಿಗೆ ಬಂದಾಗ ಮಡಿಸಿಟ್ಟೆ. ಮಿಕ್ಕದ್ದನ್ನು ಓದಲು ಕೆಲವು ವಾರ ಬೇಕಾಯಿತು.

ನೀನು ಬಸ್ಸಿಳಿದು ಮನೆಗೆ ಬಂದು ಬೀಗ ನೋಡಿ ಹೋದೆಯೆಂದು ಪಕ್ಕದ ಮನೆಯವರು ಹೇಳಿದರು.

ಆ ದಿನದ ಬಗ್ಗೆ ಯಾರಿಗೂ ಬರೆಯಬಾರದೆಂದು ವಕೀಲರು ಹೇಳಿದ್ದಾರೆ. ಎಲ್ಲರಿಗೂ ಗೊತ್ತಿರುವಷ್ಟನ್ನು ಬರೆಯಬಹುದಂತೆ. ಅಷ್ಟು ಇಷ್ಟೇ: ಹಳೆಯ ಗೋದಾಮಿನ ಹಿಂದೆ ಸರಕು ಇಳಿಸುವ ಎತ್ತರದ ಕಟ್ಟೆಯ ಮೇಲೆ ನಾನು ಮದುಮಕ್ಕಳ ಫೋಟೊ ತೆಗೆಯುತ್ತಿದ್ದೆ. ಮದುಮಗಳ ಸೋದರಮಾವ, ಥಾಡಿಯಸ್ ಗೇನ್ಸ್ ಎಂಬವರು, ಹಿಂದಿನಿಂದ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟರು. ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಗುಂಡು ನನ್ನದು.

ಇಲ್ಲಿ ಕೋರ್ಟಿನವರು ನನ್ನ ಕಾಲಿಗೆ ಒಂದು ಪಟ್ಟಿ ಕಟ್ಟಿದ್ದಾರೆ, ಅಂಗಳ ದಾಟಿದರೆ ಕೂಗುತ್ತದೆ. ಕಾರ್ಲ್‌ನ ಹೆಂಡತಿ ನನ್ನ ಹಿಂದೆ ಬರುವಾಗಲೆಲ್ಲ ಕೆಮ್ಮುತ್ತಾಳೆ. ಮೊದಲು ಶೀತವಾಗಿದೆ ಅಂದುಕೊಂಡೆ.

ಮಾರ್ಚಿನಲ್ಲಿ ವಿಚಾರಣೆ. ವಕೀಲರು ನಿನಗೆ ಫೋನು ಮಾಡುತ್ತಾರೆ. ನಮ್ಮ ಕಸುಬಿನ ರೀತಿ ಕೋರ್ಟಿಗೆ ಗೊತ್ತಾಗಬೇಕಂತೆ. ಬೆನ್ನ ಮೇಲೆ ಕೈಯಿಡುತ್ತಿದ್ದವಳು ನೀನೊಬ್ಬಳೇ, ಅಪರಿಚಿತರ ಕೈ ಅಲ್ಲಿ ಬಿದ್ದರೆ ನನಗೆ ಸೆಪ್ಟೆಂಬರ್ ನೆನಪಾಗುವುದು ಸಹಜ, ಅಷ್ಟು ಹೇಳಿದರೆ ಸಾಕಂತೆ. ನಿನ್ನ ಮಾತಿಗೆ ತೂಕ ಜಾಸ್ತಿ ಎಂದರು. ಯಾಕೆ ಜಾಸ್ತಿ ಎಂದು ಕೇಳಲಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

ನೀನು ಹೇಳುವ ಮಾತಿನ ಮೇಲೆ ನಾನು ಮನೆಗೆ ಹೋಗುತ್ತೇನೋ ಜೈಲಿಗೋ ಎಂಬುದು ನಿಂತಿದೆಯಂತೆ. ಹೀಗೆ ಬರೆಯಲು ನಾಚಿಕೆಯಾಗುತ್ತದೆ.

ಗ್ರೆಚೆನ್


ಸಲೈನಾ
ಜನವರಿ 14

ಗ್ರೆಚೆನ್,

ಹೊಸವರ್ಷ ಕಳೆದ ಮೇಲೆ ಸೇಂಟ್ ಲೂಯಿಸಿಗೆ ಬಂದಿದ್ದೆ. ನಿನ್ನನ್ನು ನೋಡಬಾರದೆಂದು ಎರಡೂ ಕಡೆಯ ವಕೀಲರು ಹೇಳಿದ್ದರು. ಕಾರ್ಲ್‌ನ ಬೀದಿಯವರೆಗೆ ಬಂದೆ, ಮೂಲೆಯಿಂದ ಹಿಂದಿರುಗಿದೆ. ಈ ಪತ್ರವನ್ನೂ ಬರೆಯಬಾರದು.

ನಯೋಮಿಯ ಮನೆಗೆ ಹೋಗಿದ್ದೆ. ನಿನ್ನ ಆ ಮದುಮಗಳು. ಬಾಗಿಲ ಸರಪಳಿ ತೆಗೆಯದೆ ನಾನು ಯಾರೆಂದು ಕೇಳಿದಳು. ನಿನ್ನ ಜೊತೆ ಕೆಲಸ ಮಾಡಿದವಳು ಎಂದೆ. ಬಾಗಿಲು ಮುಚ್ಚುತ್ತಾಳೆ ಅಂದುಕೊಂಡೆ, ತೆರೆದಳು. ತಂದೆಯಿಲ್ಲದ ಅವಳನ್ನು ಸಾಕಿದವರು ಆ ಮಾವ. ಊರಿನ ಬಸ್ಸು ಓಡಿಸುತ್ತಿದ್ದರಂತೆ.

"ಬಸ್ಸಲ್ಲಿ ಹೇಳಿ ಹೇಳಿ ಅಭ್ಯಾಸ ಅವರಿಗೆ. ಮನೇಲೂ ಯಾರಾದ್ರೂ ಎದ್ರೆ ಸಾಕು, ಮೆಟ್ಟಿಲು ನೋಡ್ಕೊಳ್ಳಿ ಅನ್ನೋರು. ನಮ್ಮನೇಲಿ ಮೆಟ್ಟಿಲೇ ಇಲ್ಲ. ನಾವೆಲ್ಲ ಅಣಕಿಸ್ತಿದ್ವಿ" ಅಂದಳು. ಆಮೇಲೆ, "ಆ ದಿನ ಮಾತ್ರ ಬಾಯಿ ಬಿಡ್ಲಿಲ್ಲ. ಫೋಟೊ ಕೆಡುತ್ತೆ ಅಂತ ಇರ್ಬೇಕು" ಅಂದಳು.

ಅವಳು ಅಳಲಿಲ್ಲ. ಕಾಫಿ ಕೊಟ್ಟಳು. ನನ್ನ ಮಣಿಕಟ್ಟನ್ನು ನೋಡಿ ಏನಾಯಿತೆಂದು ಕೇಳಿದಳು, ಹೇಳಿದೆ. ಹಾಗಾದರೆ ನಿಮ್ಮ ಗೆಳತಿಗೂ ಭಯ ಇತ್ತು ಅಲ್ಲವೇ ಎಂದಳು. ಇತ್ತು ಎಂದೆ. ತಲೆಯಾಡಿಸಿದಳು. ಕ್ಷಮಿಸಿದಳೆಂದು ನೀನು ತಿಳಿಯಬಾರದು. ಅರ್ಥವಾಯಿತು, ಅಷ್ಟೆ. ಅರ್ಥವಾದದ್ದರಿಂದ ಅವಳಿಗೆ ಏನೂ ಸಿಕ್ಕಲಿಲ್ಲ.

ಆಮೇಲೆ ಸರ್ಕಾರಿ ವಕೀಲರ ಕಚೇರಿ. ನಿನ್ನ ಕ್ಯಾಮೆರಾದಲ್ಲಿದ್ದ ಫೋಟೊಗಳನ್ನು ಒಂದರ ನಂತರ ಒಂದು ತೋರಿಸಿದರು. ಅವರಿಬ್ಬರೂ ಕೈ ಹಿಡಿದು ಕಟ್ಟೆಯ ಮೇಲೆ ನಡೆದು ಬರುತ್ತಿದ್ದಾರೆ. ಗೋಡೆಯ ಇಟ್ಟಿಗೆಯ ಸಾಲು ನೋಡಿದರೆ ನೀನು ಎಷ್ಟು ಹಿಂದಕ್ಕೆ ಹೋಗುತ್ತಿದ್ದೀಯ ಎಂದು ತಿಳಿಯುತ್ತದೆ. ಮೊದಲು ನಯೋಮಿಯ ಕಣ್ಣು ನಿನ್ನ ಮೇಲಿದೆ. ಆಮೇಲೆ ಒಂದರಲ್ಲಿ ಹುಬ್ಬು ಸ್ವಲ್ಪ ಏರಿದೆ. ನಿನ್ನ ಹಿಂದೆ ಕಟ್ಟೆಯ ಅಂಚು ಬಂತು. ಕೊನೆಯದರಲ್ಲಿ ಅವಳು ನಿನ್ನನ್ನು ನೋಡುತ್ತಿಲ್ಲ. ನಿನ್ನ ಭುಜದಾಚೆ ನೋಡಿ ನಗುತ್ತಿದ್ದಾಳೆ. ಪೂರ್ತಿ ನಗು, ಗಾಬರಿ ಎಲ್ಲ ಹೋಗಿ ಬಿಟ್ಟಂಥದ್ದು. ಅವಳ ಮಾವ ಬಂದಾಯಿತು, ಇನ್ನು ಯಾರೂ ಬೀಳುವುದಿಲ್ಲ ಎಂಬ ಮುಖ. ನೀನು ಇದುವರೆಗೆ ತೆಗೆದದ್ದರಲ್ಲೆಲ್ಲ ಅತಿ ಚೆನ್ನಾದ ಫೋಟೊ ಅದು. ಹೀಗನ್ನಿಸಿದ್ದಕ್ಕೆ ನನಗೇ ಹೇಸಿಗೆಯಾಯಿತು.

ನಾಯಿ ಬಂದರೆ ಮದುಮಗಳ ಕಣ್ಣಿಗೆ ನಾಯಿ ಬರುತ್ತದೆ ಎಂದು ಬರೆದವಳು ನೀನು.

ಕೋರ್ಟಿನಲ್ಲಿ ಏನು ಹೇಳುತ್ತೇನೆಂದು ನಿನಗೆ ಮೊದಲೇ ತಿಳಿಸುತ್ತೇನೆ, ಅಲ್ಲಿ ನಿನ್ನ ಮುಖ ನೋಡಿ ಬದಲಾಯಿಸಬಾರದು. ನಿನ್ನ ವಕೀಲರು ಕೇಳಿದರೆ ಹೌದು ಎನ್ನುತ್ತೇನೆ: ಕೈಯಿಡುತ್ತಿದ್ದವಳು ನಾನೊಬ್ಬಳೇ, ಸೆಪ್ಟೆಂಬರ್ ನಿಜ, ಅವಳ ಭಯ ನಿಜ, ಜೂನಿನಲ್ಲಿ ನನಗೇ ಮೊಣಕೈ ಬಿತ್ತು. ಎದುರಿನವರು ಕೊನೆಯ ಫೋಟೊ ತೋರಿಸಿ ಕೇಳಿದರೆ ಅದಕ್ಕೂ ಇದ್ದದ್ದನ್ನೇ ಹೇಳುತ್ತೇನೆ. ಈ ಮುಖವನ್ನು ಕ್ಯಾಮೆರಾದಲ್ಲಿ ಕಂಡ ಯಾವ ಮದುವೆ ಫೋಟೊಗ್ರಾಫರಿಗಾದರೂ ತನ್ನ ಹಿಂದೆ ಬಂದವರು ಮನೆಯವರೆಂದು ಗೊತ್ತಾಗುತ್ತದೆ. ಇದರಿಂದ ನಿನಗೆ ಕೆಡುಕಾಗುತ್ತದೆ. ಹೇಳದಿದ್ದರೆ ಆ ಮನುಷ್ಯ ಕಳ್ಳನ ಹಾಗೆ ಬಂದನೆಂದು ನಾನೂ ಒಪ್ಪಿದಂತಾಗುತ್ತದೆ. ಅವರು ನನ್ನ ಚಿಕ್ಕಪ್ಪಂದಿರಲ್ಲಿ ಯಾರಾದರೂ ಆಗಿರಬಹುದಿತ್ತು. ಅವರು ಮಾಡಿದ್ದು ನನ್ನ ಕೆಲಸ. ನಾನು ಬರುವುದಿಲ್ಲ ಎಂದು ಬಿಟ್ಟುಹೋದ ಕೆಲಸ.

ಒಂದನ್ನು ಮಾತ್ರ ಕೇಳುತ್ತೇನೆ, ಉತ್ತರ ಬರೆಯುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಜೂನಿನಲ್ಲಿ ನೀನು ತಿರುಗಿದೆ, ನನ್ನನ್ನು ಕಂಡೆ, ನಿಲ್ಲಿಸಿದೆ. ಅಕ್ಟೋಬರಿನಲ್ಲೂ ತಿರುಗಿದೆ. ಕಂಡೆ. ಸೂಟು ಹಾಕಿದ, ಎದೆಗೆ ಹೂ ಸಿಕ್ಕಿಸಿಕೊಂಡ, ನನ್ನ ಬಣ್ಣದ ಒಬ್ಬ ಮುದುಕ. ಯಾರನ್ನು ಕಂಡೆ, ಗ್ರೆಚೆನ್?

ವರ್ನೀಟಾ


ಕಾರ್ಲ್‌ನ ಮನೆ
ಫೆಬ್ರವರಿ 3

ವರ್ನೀಟಾ,

ಇದನ್ನು ಓದಿ ನಿನಗೆ ಸರಿಕಂಡದ್ದನ್ನು ಮಾಡು. ವಕೀಲರಿಗೆ ನಾನು ಇದನ್ನು ಹೇಳಿಲ್ಲ. ಹೇಳಿದರೆ ನನ್ನ ಪರವಾಗಿ ಉಳಿಯುವುದು ಏನೂ ಇಲ್ಲ.

ಹುಡುಗಿಯ ಮುಖ ಕಂಡಿತ್ತು. ಒಳ್ಳೆಯ ನಗು ಎಂದು ಕ್ಯಾಮೆರಾದ ಗುಂಡಿ ಒತ್ತಿದೆ. ಯಾರಿಗೆ ನಗುತ್ತಿದ್ದಾಳೆ ಎಂದು ನೋಡಲು ನಾನು ತಿರುಗಬೇಕಾಗಿಯೇ ಇರಲಿಲ್ಲ.

ತಿರುಗಿದಾಗ ಯಾರನ್ನು ಕಂಡೆ ಎಂದು ನೀನು ಕೇಳಿದೆ. ಅಂಗೈಯನ್ನು ಕಂಡೆ, ಅದರ ಬಣ್ಣವನ್ನು ಕಂಡೆ. ಹೂ ಕಾಣಲಿಲ್ಲ. ಬಣ್ಣದಿಂದ ಅಲ್ಲ ಎಂದು ಬರೆಯಲು ಮೂರು ವಾರದಿಂದ ಕೂರುತ್ತಿದ್ದೇನೆ, ಪೆನ್ನು ಏಳುತ್ತಿಲ್ಲ.

ಆದರೆ ಅದಕ್ಕೂ ಮೊದಲು ಒಂದಿದೆ, ಅದು ನಿನಗೆ ಗೊತ್ತಿರಬೇಕು.

ಕೈ ಬಿತ್ತು. ಮೆತ್ತಗೆ ಒತ್ತಿತು, ನಿಲ್ಲು ಎಂದು. ನಾನು ನಿಂತೆ. ಭಯವಾಗಲಿಲ್ಲ ವರ್ನೀಟಾ. ಬೆನ್ನು ತಾನಾಗಿಯೇ ಅದಕ್ಕೆ ಒರಗಿತು. ಬಂದುಬಿಟ್ಟಿದ್ದಾಳೆ, ನನಗೆ ಹೇಳದೆಯೇ ಬಂದಿದ್ದಾಳೆ ಅಂದುಕೊಂಡೆ. ಎಷ್ಟು ಸಂತೋಷವಾಯಿತು ಗೊತ್ತೇ.

ಆಮೇಲೆ ನೀನಿಲ್ಲ ಎಂದು ನೆನಪಾಯಿತು.

ಗ್ರೆಚೆನ್